ಬಿಸಿಲಿಗೆ ಬೆನ್ನು ಮಾಡಿದ ಅಮ್ಮ

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅಮ್ಮನಿಗೆ ಕಣ್ಣೇ ಇಲ್ಲ. ಅವಳ ಮದುವೆಯಿಂದ ನನ್ನ ನಾಮಕರಣದವರೆಗೆ ಎಲ್ಲ ಫೋಟೊದಲ್ಲೂ ಹುಬ್ಬು ಗಂಟಿಕ್ಕಿ, ಕಣ್ಣು ಮುಚ್ಚಿ ನಿಂತಿದ್ದಾಳೆ. ಶಿರಾದಿಂದ ಬರುತ್ತಿದ್ದ ಸ್ಟುಡಿಯೊದವರು ಎಲ್ಲರನ್ನೂ ಸೂರ್ಯನ ಎದುರಿಗೇ ನಿಲ್ಲಿಸುತ್ತಿದ್ದರು. ನಮ್ಮ ಕಡೆ ಈಗಲೂ ಮೊಬೈಲು ಎತ್ತಿದರೆ ಸಾಕು, ಜನ ತಾವಾಗಿಯೇ ಬಿಸಿಲಿನತ್ತ ತಿರುಗುತ್ತಾರೆ. ಅಮ್ಮನ ಅವ್ವನದಂತೂ ಒಂದು ಫೋಟೊವೂ ಇಲ್ಲ. ನಾನು ಹುಟ್ಟುವ ಮೊದಲೇ ಹೋದಳಂತೆ.

ಕೊರಟಗೆರೆಯಿಂದ ಪಾವಗಡದವರೆಗೆ ಕಂಡವರ ಮದುವೆಗೆಲ್ಲ ಕ್ಯಾಮೆರಾ ಹಿಡಿಯುವವಳು ನಾನು. ಹೆತ್ತವಳು ಕಣ್ಣು ಬಿಟ್ಟಿರುವ ಒಂದೇ ಒಂದು ಫೋಟೊ ನನ್ನಲ್ಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ. ನೆನೆದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಆ ದಿನ ದೊಡ್ಡೇರಿಯ ನಮ್ಮ ಹೊಲದಲ್ಲಿ ಅಮ್ಮ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು. ಮೂರು ಗಂಟೆಯ ಬಿಸಿಲು, ಗಾಳಿಯ ಸುಳಿವಿಲ್ಲ. ದೂರದ ಮಧುಗಿರಿ ಬೆಟ್ಟ ಅಲ್ಲಾಡುವ ನೀರಿನಲ್ಲಿ ಬಿದ್ದ ಹಾಗೆ ಕಾಣುತ್ತಿತ್ತು. ನನಗೆ ಎಚ್ಚರವೋ ಜೊಂಪೋ ತಿಳಿಯದಂತಿತ್ತು. ಕ್ಯಾಮೆರಾಗೆ ಫ್ಲ್ಯಾಶು ಸಿಕ್ಕಿಸಿ, ಸೂರ್ಯನಿಗೆ ಬೆನ್ನು ಮಾಡಿ ಕೂರು ಎಂದೆ ಅಮ್ಮನಿಗೆ.

"ಹೊತ್ತಿಗೆ ಬೆನ್ನಾಕುದ್ರೆ ಮಕ ಮಸಿ ಆಯ್ತದೆ ಕಣಮ್ಮ," ಅಂದಳು. ಆದರೂ ಗೊಣಗುತ್ತಲೇ ತಿರುಗಿದಳು. ತಲೆಗೂದಲಿನ ಅಂಚಿಗೆಲ್ಲ ಬೆಳಕು ಹತ್ತಿಕೊಂಡಿತು.

ಮೊದಲ ಫೋಟೊದಲ್ಲಿ ಅರ್ಧ ಮುಖ ಬೆಳಗಿತ್ತು, ಇನ್ನರ್ಧ ಕಪ್ಪು ಪಟ್ಟಿಯೊಳಗೆ ಮುಳುಗಿತ್ತು. ಯೋಳ್ಲಿಲ್ವಾ ಎನ್ನುವಂತೆ ಅಮ್ಮ ನನ್ನನ್ನೇ ನೋಡಿದಳು. ತಪ್ಪು ನನ್ನದೇ. ಅಂಥ ಬಿಸಿಲಿನಲ್ಲಿ ಶಟರ್ ತುಂಬ ಚುರುಕಾಗಿ ಓಡಬೇಕು. ಆಗ ಅದು ಪೂರ್ತಿ ತೆರೆಯುವ ಬದಲು ಬರೀ ಒಂದು ಸಂದಿಯಾಗಿ ಹಾದುಹೋಗುತ್ತದೆ. ನೆರಳಾದ ಮುಖಕ್ಕೆಂದು ಹಾಕಿದ ಫ್ಲ್ಯಾಶು ಒಂದೇ ಸಲ ಮಿಂಚಿದರೆ ಅರ್ಧ ಮುಖಕ್ಕಷ್ಟೇ ಬೆಳಕು ಸಿಗುತ್ತದೆ. ಫ್ಲ್ಯಾಶಿನಲ್ಲಿ ಹೈ ಸ್ಪೀಡ್ ಸಿಂಕ್ ಅನ್ನುವುದನ್ನು ಹಾಕಿದರೆ ಆ ಮಿಂಚು ಸಣ್ಣ ಸಣ್ಣದಾಗಿ ಒಡೆದು, ಸಂದಿ ದಾಟುವವರೆಗೂ ಸುರಿಯುತ್ತದೆ. ಜೊಂಪಿನಲ್ಲಿ ಅದನ್ನೇ ಹಾಕಲು ಮರೆತಿದ್ದೆ.

ಹಾಕಿ ಇನ್ನೊಂದು ತೆಗೆದೆ. ಅಮ್ಮನ ಕಣ್ಣು ದೊಡ್ಡದಾಗಿ ತೆರೆದಿತ್ತು, ಒಳಗೊಂದು ಬೆಳಕಿನ ಚುಕ್ಕಿ.

ಕ್ಯಾಮೆರಾ ಇಸಿದುಕೊಂಡು, ಸೆರಗಿನಿಂದ ಪರದೆ ಒರೆಸಿ, ಅವಳು ಬಹಳ ಹೊತ್ತು ನೋಡಿದಳು.

"ಇದು ನಾನಲ್ಲ ಕಣಮ್ಮ, ನಮ್ಮವ್ವ. ಮಕಾನೇ ಮರ್ತೋಗಿತ್ತು ನಂಗೆ."

ನನಗೆ ಅಳು ಬಂತು. ಪರದೆ ತಾನಾಗಿ ಆರಿತು. ಅಮ್ಮ ಅದನ್ನು ನನ್ನತ್ತ ಚಾಚಿ, ಇನ್ನೊಂದ್ಸಲ ಹತ್ತಿಸು ಅಂದಳು. ಹೊತ್ತು ಮುಳುಗುವವರೆಗೆ ಅದೆಷ್ಟು ಸಲ ಹತ್ತಿಸಿದೆನೋ.