ತೋಳಕ್ಕೂ ಹಂದಿಗೂ ಒಂದೇ ರೈಫಲ್

ಕೊರೊನಾ ಕಳೆದು ಅಂಗಡಿಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷದ ಮಾತು. ಆಗ ನಾನು ಮಧುಗಿರಿಯಲ್ಲಿ ಲೈಸೆನ್ಸ್ ಇರುವ ಬಂದೂಕು ರಿಪೇರಿ ಅಂಗಡಿ ನಡೆಸುತ್ತಿದ್ದೆ; ಈಗಲೂ ನಡೆಸುತ್ತಿದ್ದೇನೆ. ಕೆಲಸ ಕಲಿತದ್ದು ಶಿರಾದ ಒಬ್ಬ ಉಸ್ತಾದರ ಹತ್ತಿರ, ಮಾತು ಕಲಿತದ್ದು ಕುರಿ ಕಾಯುತ್ತಿದ್ದ ನಮ್ಮಜ್ಜನ ಹತ್ತಿರ. ಕೊರಟಗೆರೆಯಿಂದ ಪಾವಗಡದವರೆಗೆ ಬೆಳೆ ಕಾಯುವ ಕೋವಿಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ದಿನ ನನ್ನ ಮೇಜಿನ ಮೇಲೆ ಮಲಗಿ ಎದ್ದಂಥವೇ.

ಒಂದು ಮಧ್ಯಾಹ್ನ ಚಿತ್ತಪ್ಪ ಬಂದ. ಬರಗೂರಿನ ಕಡೆಯ ನಮ್ಮ ಹಳ್ಳಿಯವನು, ನನಗಿಂತ ಎರಡು ವರ್ಷ ಚಿಕ್ಕವನು. ಒಂದೇ ಕಂಬಳಿ ಹೊದ್ದು ಕುರಿ ಕಾದವರು ನಾವು. ಅವನಿಗೆ ಈಗ ಕಡಲೆಕಾಯಿ ಹೊಲವೂ ಇತ್ತು, ಕುರಿಹಿಂಡೂ ಇತ್ತು.

"ರಂಗಣ್ಣ, ಒಂದು ಕೋವಿ ಕೊಡ್ಸು. ತೋಳಕ್ಕೂ ಆಗ್ಬೇಕು, ಹಂದಿಗೂ ಆಗ್ಬೇಕು. ಎರಡೆರಡು ಇಟ್ಕಳಕೆ ನಾನೇನು ಪಾಳೇಗಾರನಾ?"

"ತೋಳಾನ ಮುಟ್ಟಂಗಿಲ್ಲ ಕಣ್ಲಾ, ಕಾನೂನೈತೆ. ಹಂದಿಗೂ ಇಲಾಖೆಯೋರ ಪರ್ಮಿಷನ್ ಬೇಕು. ಹೆದರ್ಸಿ ಓಡ್ಸು. ಅದಕ್ಕೆ ಜೋಡುನಳಿಗೆ ಸಾಕು."

"ಹೆದರ್ಸಕ್ಕೇ ಕಣಣ್ಣ. ಹಂದಿ ಮೈಮೇಲೆ ಬಂದ್ಬುಟ್ರೆ ಏನ್ ಮಾಡ್ಲಿ? ನಿನ್ ಜೋಡುನಳಿಗೆ ಊರಿಗೆಲ್ಲ ಪ್ರಸಾದ ಹಂಚ್ದಂಗೆ ಚರೆ ಹಂಚ್ತದೆ. ನನ್ ಕುರೀಗೂ ಒಂದೊಂದು ಸಿಕ್ಕಿದ್ರೆ?"

ಜೋಡುನಳಿಗೆ ಎಂದರೆ ಟ್ವೆಲ್ವ್ ಬೋರ್ ಶಾಟ್‌ಗನ್. ಅದರ ತೋಟಾದೊಳಗೆ ಸೀಸದ ಸಣ್ಣ ಚರೆಗಳಿರುತ್ತವೆ, ಹಾರಿದ ಮೇಲೆ ಅವು ಹರಡುತ್ತವೆ. ರೈಫಲ್ ಹಾಗಲ್ಲ. ಒಂದೇ ಗುಂಡು, ಗುರಿ ಇಟ್ಟ ಕಡೆಗೆ ಹೋಗುತ್ತದೆ. ಅದರ ನಳಿಗೆಯ ಒಳ ಅಳತೆಗೆ ಕ್ಯಾಲಿಬರ್ ಎನ್ನುತ್ತೇವೆ. ಪಾಯಿಂಟ್ ಟೂ ಟೂ ನರಿಯ ಗಾತ್ರದ ಪ್ರಾಣಿಗೆ ಸರಿ. ಹಂದಿಗೆ ತಗುಲಿದರೆ ಬರೀ ಗಾಯ, ಗಾಯವಾದ ಹಂದಿ ಆಳನ್ನು ಸೀಳದೆ ಬಿಡುವುದಿಲ್ಲ. ಪಾಯಿಂಟ್ ತ್ರೀ ಒನ್ ಫೈವ್ ದೊಡ್ಡದು. ಚಿಕ್ಕ ಪ್ರಾಣಿಗೂ ದೊಡ್ಡದಕ್ಕೂ ಒಂದೇ ಸಾಕೆಂದರೆ ದೊಡ್ಡದಕ್ಕೆ ಹೊಂದುವುದನ್ನೇ ಆರಿಸಬೇಕು. ಹಾಗೆಂದೇ ಹೇಳಿದೆ. ಚರೆ ಕುರಿಗೆ ತಾಗೀತೆಂಬ ಅವನ ಅಂಜಿಕೆ ನನಗೆ ಅಪ್ಪಟ ಕುರಿಗಾರನ ಅಂಜಿಕೆಯಾಗಿ ಕಂಡಿತ್ತು.

ಅವನ ಲೈಸೆನ್ಸ್ ಅರ್ಜಿಯ ವಿಚಾರಣೆಗೆ ಬಂದ ಪೊಲೀಸಿನವರಿಗೆ, "ನನ್ನ ತಮ್ಮ ಇದ್ದಂಗೆ ಸರ್, ನಾನು ಹೊಣೆ" ಎಂದೆ. ಲೈಸೆನ್ಸ್ ಬಂತು. ವಯಸ್ಸಾದವರೊಬ್ಬರು ಮಾರಿದ ಹಳೆಯ ತ್ರೀ ಒನ್ ಫೈವ್ ಸಿಕ್ಕಿತು. ಅದರ ನಳಿಗೆಯ ಒಳಗೆ, ಬಾಯಿಯ ಹತ್ತಿರ, ಒಂದು ಕಡೆ ಲೋಹ ಕೂದಲಷ್ಟು ಎದ್ದಿತ್ತು. ಒದ್ದೆ ಮರಳಿನ ಮೂಟೆಗೆ ಹಾರಿಸಿ ಗುಂಡು ತೆಗೆದು ನೋಡಿದರೆ, ಅದರ ಪಕ್ಕೆಯಲ್ಲಿ ಓರೆಯಾಗಿ ಒಂದು ಗೀರು. "ಬುಟ್ಟೋಗು, ಉಜ್ಜಿ ಕೊಡ್ತೀನಿ" ಎಂದೆ. "ಹಂದಿ ಏನು ಗೀರು ನೋಡ್ತದಾ?" ಎಂದು ನಗುತ್ತಾ ತೆಗೆದುಕೊಂಡು ಹೋದ.

ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಕಡೆ ನಾಲ್ಕಾರು ಮನೆಯವರು ಕೂಡಿ ಕುರಿ ಕೊಯ್ದು, ಬಾಡನ್ನು ಸಮಪಾಲು ಮಾಡಿ ಗುಡ್ಡೆ ಹಾಕುತ್ತಾರೆ. ಯಾರಿಗೂ ಮೋಸವಾಗಬಾರದೆಂದು ಪ್ರತಿ ಗುಡ್ಡೆಗೂ ತೊಡೆ, ಈಲಿ ಅಂದರೆ ಲಿವರ್, ಬೋಟಿ ಅಂದರೆ ಕರುಳು, ಕೊಬ್ಬು ಎಲ್ಲವೂ ಬೀಳಬೇಕು. ಚಿತ್ತಪ್ಪ ಸ್ಟೀಲ್ ಡಬ್ಬಿಯಲ್ಲಿ ಪಾಲು ತಂದು ಕೊಟ್ಟುಹೋದ.

"ಇದೆಂಥ ಗುಡ್ಡೆ ರೀ?" ಎಂದಳು ಹೆಂಡತಿ, ತೊಳೆಯುತ್ತಾ. "ಬರೀ ತೊಡೆ ತುಂಬವ್ನೆ. ಈಲಿ ಇಲ್ಲ, ಬೋಟಿ ಇಲ್ಲ. ಕೊಬ್ಬಂತೂ ಸಾಸಿವೆ ಕಾಳಷ್ಟೂ ಇಲ್ಲ. ಉಪವಾಸ ಕೆಡವಿದ ಕುರಿಯಾ?"

"ಒಳ್ಳೇದನ್ನೇ ಆರ್ಸಿ ತಂದವ್ನೆ. ಸುಮ್ನೆ ಬೇಯ್ಸಮ್ಮಿ" ಎಂದೆ. ಬೇಯಿಸಿದಳು. ಮನೆಮಂದಿಯೆಲ್ಲ ಉಂಡೆವು.

ಹಬ್ಬ ಕಳೆದು ಕೆಲವು ವಾರಕ್ಕೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಅಂಗಡಿಗೆ ಬಂದರು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಗುಂಡು. ಏಟು ತಿಂದ ಕೃಷ್ಣಮೃಗವೊಂದು ಓಡಿಬಂದು ಬೇಲಿಯ ಮರೆಯಲ್ಲಿ ಸತ್ತಿತ್ತಂತೆ. ಲ್ಯಾಬಿಗೆ ಕಳಿಸುವ ಮುಂಚೆ ಕ್ಯಾಲಿಬರ್ ಯಾವುದಿರಬಹುದು ಎಂದು ತಿಳಿಯಬೇಕಿತ್ತು.

ಲೆನ್ಸ್ ಹಿಡಿದೆ. ತ್ರೀ ಒನ್ ಫೈವ್. ಪಕ್ಕೆಯಲ್ಲಿ ಓರೆಯಾಗಿ ಒಂದು ಗೀರು.

ಆ ಕ್ಷಣ ನನ್ನ ಕಣ್ಣಿಗೆ ಕಟ್ಟಿದ್ದು ರೈಫಲ್ಲಲ್ಲ, ಆ ಸ್ಟೀಲ್ ಡಬ್ಬಿ. ಕೊಬ್ಬಿಲ್ಲದ ಆ ತೊಡೆ ಬಾಡು ಕುರಿಯದ್ದಾಗಿರಲಿಲ್ಲ. ಒಂದು ಲೋಟ ನೀರು ಕುಡಿದು, "ಯಾರ ರೈಫಲ್ಲು ಅಂತಾನೂ ಗೊತ್ತು ಸರ್" ಎಂದೆ.

ಚಿತ್ತಪ್ಪನನ್ನು ಹಿಡಿದು ತಂದಾಗ ನನ್ನನ್ನೂ ಕರೆಸಿದರು. ಅವನು ಇಲ್ಲವೆನ್ನಲಿಲ್ಲ. ನನ್ನ ಕಡೆ ಕೈ ತೋರಿಸಿದ.

"ನನ್ನೊಬ್ಬನ್ನೇ ಯಾಕ್ ಹಿಡೀತೀರ ಸಾಮಿ? ಇದೇ ಕ್ಯಾಲಿಬರ್ ತಗ ಅಂದವ್ನು ಅವ್ನು. ಹಬ್ಬದ ಮುಂಚೆ ಹೊಡ್ದಿದ್ದೂ ಜಿಂಕೇನೇ. ಅದರ ಪಾಲು ಅವ್ನ ಮನೇಲೂ ಬೆಂದೈತೆ. ಇಲ್ಲ ಅನ್ಲಿ ನೋಡಾನ."

ಅಧಿಕಾರಿ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು: "ಅದಕ್ಕೆ ಸಾಕ್ಷಿ ಏನೂ ಇಲ್ಲ. ನೀವು ಇಲ್ಲ ಅಂದ್ರೆ ಅಲ್ಲಿಗೆ ಮುಗೀತು. ಹೂಂ ಅಂದ್ರೆ ಅಂಗಡಿ ಲೈಸೆನ್ಸಿಗೇ ಕುತ್ತು."

ಬದುಕಿಡೀ ಕಟ್ಟಿಕೊಂಡದ್ದು ಆ ಅಂಗಡಿ ಒಂದನ್ನೇ. ಆದರೆ ಇಲ್ಲ ಎಂದುಬಿಟ್ಟರೆ ಚಿತ್ತಪ್ಪ ನನ್ನನ್ನು ತನ್ನ ಹಾಗೇ ಮಾಡಿಕೊಂಡಂತೆ. "ಬೆಂದದ್ದು ನಿಜ ಸರ್. ಕುರಿ ಅಂತ ತಿಂದೆ. ಹಂಗೇ ಬರ್ಕೊಳ್ಳಿ" ಎಂದೆ.

ವಿಚಾರಣೆ ಮುಗಿಯುವವರೆಗೂ ಅಂಗಡಿಗೆ ಬೀಗ. ಆ ಮಳೆಗಾಲವೂ ಕಳೆಯಿತು, ಚಳಿಯೂ ಕಳೆಯಿತು. ಕೊನೆಗೆ ನನ್ನ ಮಾತನ್ನು ನಂಬಿ ಲೈಸೆನ್ಸ್ ಉಳಿಸಿದರು.

ಜಾಮೀನಿನ ಮೇಲೆ ಹೊರಬಂದ ಚಿತ್ತಪ್ಪ ಒಂದು ದಿನ ಶಿರಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮುಖ ತಿರುಗಿಸಿದೆ. ಅವನೇ ಹತ್ತಿರ ಬಂದ.

"ನಿನ್ ಬಾಯಿ ಕಟ್ಟಕೆ ಕೊಟ್ಟಿದ್ದಲ್ಲ ಕಣಣ್ಣ. ಪ್ರೀತಿಗೆ ಕೊಟ್ಟಿದ್ದು."

"ಪ್ರೀತಿಗಾಗಿದ್ರೆ ಏನ್ ಬಾಡು ಅಂತ ಹೇಳಿ ಕೊಡ್ಬೇಕಾಗಿತ್ತು."

"ಹೇಳಿದ್ರೆ ತಿಂತಿದ್ಯಾ?"

ಬಸ್ ಬಂತು. ಹತ್ತಿ ಕುಳಿತೆ. ಅವನು ಪ್ರೀತಿಗೇ ಕೊಟ್ಟಿದ್ದನೇನೋ. ಸಿಕ್ಕಿಬಿದ್ದ ದಿನ ಅದನ್ನೇ ನನ್ನ ಕೊರಳಿಗೆ ಕಟ್ಟಿದ. ಎರಡನ್ನೂ ಮಾಡಿದ್ದು ಒಂದೇ ಕೈ ಎನ್ನುವುದು ನನಗೆ ಇವತ್ತಿಗೂ ಅರಗಿಲ್ಲ.

ಉಸ್ತಾದರು ಕಲಿಸಿದ ವಿದ್ಯೆ ಯಾವ ಪ್ರಾಣಿಗೆಂದು ಕೇಳಿ ಕ್ಯಾಲಿಬರ್ ಹೇಳುವುದು. ಕೋವಿ ಕೇಳಿ ಬಂದವನನ್ನೂ ಅಳೆಯಬೇಕೆಂದು ಕಲಿಸಿದ್ದು ಆ ಹಳೆಯ ರೈಫಲ್ಲು. ಎರಡು ಪ್ರಾಣಿಗೆ ಒಂದೇ ಕೋವಿ ಬೇಕೆಂದು ಯಾರಾದರೂ ಬಂದರೆ, "ಮೂರನೇದು ಯಾವುದಪ್ಪ, ಅದನ್ನ ಮೊದ್ಲು ಹೇಳು" ಎನ್ನುತ್ತೇನೆ. ಕೆಲವರು ನಗುತ್ತಾರೆ. ನಗದೆ ಆಚೀಚೆ ನೋಡುವವರಿಗೆ ಟೀ ಕುಡಿಸಿ ಕಳಿಸಿಬಿಡುತ್ತೇನೆ.

ಹೊಸತೊಡಕಿಗೆ ಈಗಲೂ ಪಾಲು ಬರುತ್ತದೆ, ಬೇರೆ ಮನೆಗಳಿಂದ. ಹೆಂಡತಿ ಡಬ್ಬಿಯ ಮುಚ್ಚಳ ತೆಗೆದು ಮೊದಲು ಈಲಿ ಹುಡುಕುತ್ತಾಳೆ.