ಕಲ್ಲಿಗೆ ಏರದ ಪಲಟಣ

ನಮ್ಮ ಯಜಮಾನರ ಹೆಸರು ಸಿದ್ದಾರೂಢ, ಎಸ್‌ಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಈಗ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ನಮ್ಮ ಉಟಗಿಯಲ್ಲಿ ಅವರನ್ನು ಯಾರೂ ಕಂಡಕ್ಟರ್ ಅನ್ನುವುದಿಲ್ಲ, ‘ಇತಿಹಾಸದವರು’ ಅನ್ನುತ್ತಾರೆ. ಹಾಗನ್ನುವಾಗ ಕೆಲವರು ಬಾಯಿ ಮರೆಮಾಡಿ ನಗುತ್ತಾರೆ. ಇವರಿಗೆ ಅದು ಕಾಣುವುದಿಲ್ಲ. ಇವರ ಹೆಂಡತಿ ಶಾಂತಾದೇವಿಗೆ, ಅಂದರೆ ನನಗೆ, ಚೆನ್ನಾಗಿ ಕಾಣುತ್ತದೆ.

ಈ ಹುಚ್ಚಿಗೆಲ್ಲ ಮೂಲ ನಮ್ಮ ಪಡಸಾಲೆಯ ಫೋಟೋ. ಅತ್ತೆ ಸಿದ್ದಲಿಂಗವ್ವನ ತಂದೆ, ಇದೇ ಊರಿನ ಸೋಮನಿಂಗಪ್ಪ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ, ಯಾವುದೋ ಹೊಳೆ ದಾಟುವಾಗ ಅಲ್ಲೇ ತೀರಿಕೊಂಡರು. ಅತ್ತೆ ಆಗ ತೊಟ್ಟಿಲ ಕೂಸು. ಫೋಟೋದಲ್ಲಿ ಅಜ್ಜ ಮರಾಠಾ ಪಲಟಣದ ಸಮವಸ್ತ್ರ ತೊಟ್ಟು, ಟೋಪಿಗೆ ಬಿಲ್ಲೆ ಸಿಕ್ಕಿಸಿ, ಎದೆ ಸೆಟೆಸಿ ನಿಂತಿದ್ದಾರೆ. ಆ ಹೊಳೆಯ ಕಾಳಗ ಎಷ್ಟು ಸಣ್ಣದೆಂದರೆ ದಪ್ಪ ದಪ್ಪ ಪುಸ್ತಕಗಳಲ್ಲೂ ಅದಕ್ಕೆ ಒಂದು ಸಾಲು ಸಿಗುವುದು ಕಷ್ಟ. ಯಾವ ಯಾವ ಪಲಟಣಗಳು ಅಲ್ಲಿ ಹೋರಾಡಿದವು ಎಂದು ಹುಡುಕಿ, ಪಂಚಾಯಿತಿ ಮುಂದೆ ಕಲ್ಲು ನಿಲ್ಲಿಸಿ, ಅಜ್ಜನ ಹೆಸರನ್ನು ಅವರ ಪಲಟಣದ ಕೆಳಗೆ ಕೆತ್ತಿಸಬೇಕು. ತಾಯಿಯ ಕೈಯಿಂದ ಅದನ್ನು ಮುಟ್ಟಿಸಬೇಕು. ಇಷ್ಟೇ ಇವರ ಆಸೆ. ಆಸೆಯಲ್ಲೇನೂ ತಪ್ಪಿರಲಿಲ್ಲ.

ಪುಣೆಗೆ ಹೋದರು, ಬೆಳಗಾವಿಗೆ ಹೋದರು, ಮುದಿ ಸುಬೇದಾರರ ಮನೆ ಬಾಗಿಲಲ್ಲಿ ಚಪ್ಪಲಿ ಸವೆಸಿದರು. ಫೋಟೋದ ಬಿಲ್ಲೆಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಕಂಡಕಂಡವರಿಗೆ ತೋರಿಸಿದರು. ಲೋಕವನ್ನೆಲ್ಲ ಕೇಳಿದರು, ಮನೆಯಲ್ಲಿ ಕೂತ ತಾಯಿಯನ್ನು ಮಾತ್ರ ಕೇಳಲಿಲ್ಲ. ಸಾಲಿ ಕಟ್ಟೆ ಹತ್ತದ ಮುದುಕಿಗೆ ಯುದ್ಧದ ವಿಷಯ ಏನು ಗೊತ್ತು?

ಕೊನೆಗೆ ಪುಣೆಯ ಒಬ್ಬ ನಿವೃತ್ತ ಅಧಿಕಾರಿ ಆ ಹೊಳೆಯಲ್ಲಿದ್ದ ಪಲಟಣಗಳ ಹೆಸರು ಹೇಳಿದರು. ಅದರಲ್ಲಿ ಗುಂಡಿನ ಪೆಟ್ಟಿಗೆ ಸಾಗಿಸುವ ಹೇಸರಗತ್ತೆಯ ಪಲಟಣವೂ ಇತ್ತು. ಮರಾಠಾ ಪಲಟಣ ಇತ್ತೋ ಇಲ್ಲವೋ, ತನಗೆ ಖಾತ್ರಿಯಿಲ್ಲ ಅಂದರು. ಇವರಿಗೆ ಫೋಟೋ ಇರುವಾಗ ಖಾತ್ರಿ ಯಾಕೆ ಬೇಕು? ಖಾತ್ರಿಯಿಲ್ಲದ್ದನ್ನು ಕಲ್ಲಿಗೆ ಬರೆದ ಪಟ್ಟಿಯ ಮೊದಲನೆಯ ಸಾಲಿಗೆ ಹಾಕಿದರು. ಖಾತ್ರಿಯಿದ್ದ ಹೇಸರಗತ್ತೆಯವರನ್ನು ಬಿಟ್ಟರು.

ಕಲ್ಲಿನ ಸುದ್ದಿ ಕೇಳಿ ಪಕ್ಕದ ಊರು ಸನಮಡಿಯಿಂದ ಹರಿಬಾ ಬಂದ. ಬೌದ್ಧರಾದ ದಲಿತರ ಮನೆಯವನು, ಗೌಂಡಿ ಕೆಲಸ ಮಾಡುತ್ತಾನೆ, ಇವರದೇ ವಯಸ್ಸು. ಪಡಸಾಲೆಗೆ ಬಾ ಎಂದು ಇವರು ಕರೆಯಲಿಲ್ಲ. ಅವನು ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತ. ಅವನಿಗೆ ಚಹಾ ಕಾಗದದ ಕಪ್ಪಿನಲ್ಲಿ ಕೊಡು ಎಂದು ಇವರು ನನಗೆ ಕಣ್ಣಿನಲ್ಲೇ ಹೇಳಿದರು. ನಾನು ಕಾಣದವಳ ಹಾಗೆ ಸ್ಟೀಲಿನ ಲೋಟದಲ್ಲಿ ಕೊಟ್ಟೆ.

“ಕಂಡಕ್ಟರ್ ಸಾಹೇಬರ, ನಮ್ಮಜ್ಜನೂ ಅದ ಹೊಳ್ಯಾಗ ಇದ್ನರಿ,” ಎಂದ ಹರಿಬಾ. “ಹೇಸರಗತ್ತಿ ಪಲಟಣ. ಮ್ಯಾಲಿಂದ ಗುಂಡು ಬೀಳತಿದ್ವಂತ, ಇವರು ಹೇಸರಗತ್ತಿ ಹಗ್ಗ ಬಿಡದ ದಾಟಿದ್ರಂತ. ಆ ಪಲಟಣದ ಹೆಸರೂ ಕಲ್ಲಿನ ಮ್ಯಾಲ ಬರಲಿರಿ. ಉಟಗಿಯಾಂವ ಒಬ್ಬ ತನ್ನ ಜೋಡಿ ಇದ್ದ, ಅಲ್ಲೇ ಸತ್ತ ಅಂತ ಅಜ್ಜ ಹೇಳತಿದ್ದ.”

“ಉಟಗಿಯಿಂದ ಹೋದಾಂವ ನಮ್ಮಜ್ಜ ಒಬ್ಬನ. ಅಂವ ಮರಾಠಾ ಪಲಟಣದಾಂವ. ಅಲ್ಲಿ ಫೋಟೋ ನೋಡು,” ಎಂದರು ಇವರು. “ಹೇಸರಗತ್ತಿ ಹೊಡದವರು ಹೋರಾಡಿದವರು ಹೆಂಗ ಆಗ್ತಾರ? ನಾಳೆ ರೊಟ್ಟಿ ಬಡದವರ ಹೆಸರೂ ಬರಿ ಅಂತೀರಿ.”

ಹರಿಬಾ ಬಾಗಿಲಿನಿಂದಲೇ ಕತ್ತು ಚಾಚಿ ಫೋಟೋವನ್ನು ಬಹಳ ಹೊತ್ತು ನೋಡಿದ. ಏನೋ ಹೇಳಲು ಹೋದವನು ತಡೆದುಕೊಂಡ. “ಇರಲಿ ಬಿಡ್ರಿ,” ಎಂದು ಲೋಟವನ್ನು ತಾನೇ ತೊಳೆದಿಟ್ಟು ಹೋದ. ನನಗೆ ಮೈಯೆಲ್ಲ ಉರಿಯಿತು.

ಮೇ ಒಂದು, ಮಹಾರಾಷ್ಟ್ರ ದಿನದಂದು ಕಲ್ಲು ನಿಂತಿತು. ಬಿಸಿಲು ಇಳಿದ ಮೇಲೆ ಅತ್ತೆಯನ್ನು ಕೈಹಿಡಿದು ನಡೆಸಿಕೊಂಡು ಹೋದೆವು. ಇವರು ‘ಹೋರಾಡಿದ ಪಲಟಣಗಳು’ ಎಂಬ ಸಾಲಿನಿಂದ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಅತ್ತೆ ಅಕ್ಷರಗಳ ಮೇಲೆ ಕೈಯಾಡಿಸುತ್ತ ಕೇಳಿದಳು.

“ನಮ್ಮಪ್ಪನ ಪಲಟಣ ಯಾಕ ಬಿಟ್ಟೀಯೋ ತಮ್ಮಾ?”

“ಮೊದಲ್ನೇದ ಅದ ಐತಲ್ಲಬೇ, ಮರಾಠಾ.”

“ಅದಲ್ಲೋ. ಅಂವ ಹೇಸರಗತ್ತಿ ಪಲಟಣದಾಗಿದ್ದ. ಜೋಡಿ ಇದ್ದಾಂವ ಸನಮಡಿಯಿಂದ ನಡಕೋತ ಬಂದು ಅಪ್ಪನ ಕಂಬಳಿ ಕೊಟ್ಟು ಹೋದ. ಒಳಗ ಕರೀಲಿಲ್ಲಂತ ನಮ್ಮವ್ವ ಸಾಯೂತನಕ ಮರಗತಿದ್ಲು.”

“ಹಂಗಾರ ಆ ಫೋಟೋ?”

“ಅದರಾಗ ಮಾರಿ ಅಷ್ಟ ಅಪ್ಪಂದು. ಮುಂಬೈಗೆ ಗಿರಣಿ ಕೆಲಸಕ್ಕ ಹೋದಾಗ ತೆಗಿಸಿದ್ದ ಸಣ್ಣ ಫೋಟೋ ಇತ್ತು. ಅವ್ವ ನನ್ನ ಕರಕೊಂಡು ಜತ್ತಿನ ಸ್ಟುಡಿಯೋಕ್ಕ ಹೋದ್ಲು. ಮಿಲಿಟ್ರಿಯಾಂವ ಅಂದ್ಲು. ಯಾವ ಡ್ರೆಸ್ ಹಚ್ಚಲಿ ಅಂತ ಸ್ಟುಡಿಯೋದಾಂವ ಕೇಳಿದ. ಇದ್ದದ್ರಾಗ ಚಲೋದು ಹಚ್ಚರಿ ಅಂದ್ಲು.”

ಇವರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. “ಇಷ್ಟ ದಿನ ಯಾಕ ಹೇಳಲಿಲ್ಲಬೇ?”

“ನೀ ಕೇಳಿದ್ದೆಲ್ಲಿ?” ಎಂದಳು ಅತ್ತೆ. ಆಮೇಲೆ ಕಲ್ಲಿನಿಂದ ಕೈ ತೆಗೆದು, ಸಿಟ್ಟಿಲ್ಲದೆ ಕೇಳಿದಳು: “ಅವತ್ತ ಆ ಸನಮಡಿಯಾಂವಗ, ಹೇಸರಗತ್ತಿ ಹೊಡದವರು ಹೋರಾಡಿದವರಲ್ಲ ಅಂದದ್ದು ಒಳಗ ನನಗೂ ಕೇಳಸ್ತು. ಹಂಗಾರ ನಮ್ಮಪ್ಪ ಹೋರಾಡಲಿಲ್ಲೇನು?”

ಇವರು ಅತ್ತೆಯ ಕೈಹಿಡಿದು ಮನೆಯ ಕಡೆ ತಿರುಗಿದರು. ಮನೆಗೆ ಬಂದು ನನಗೆ, ಯಾರ ಮುಂದೂ ಬಾಯಿ ಬಿಡಬೇಡ ಅಂದರು. ಊರ ಮುಂದೆ ಮರ್ಯಾದೆ ಹೋಗುತ್ತದಂತೆ. ಮಳೆಗಾಲ ಮುಗಿಯುವುದರೊಳಗೆ ಅತ್ತೆ ತೀರಿಕೊಂಡಳು. ಕಲ್ಲು ಹಾಗೆಯೇ ಇದೆ. ಆಗಸ್ಟ್ ಹದಿನೈದಕ್ಕೆ ಇವರೇ ಅದಕ್ಕೆ ಹಾರ ಹಾಕುತ್ತಾರೆ, ಮಕ್ಕಳ ಮುಂದೆ ಮರಾಠಾ ಪಲಟಣದ ಶೌರ್ಯದ ಬಗ್ಗೆ ಭಾಷಣವನ್ನೂ ಮಾಡುತ್ತಾರೆ. ಗಂಡನೆಂದು ಸುಮ್ಮನಿದ್ದೆ, ಹೇಸಿಕೆಯಾಗುವುದು ನಿಜ.

ಮೊನ್ನೆ ಜತ್ತಿನ ಬಸ್‌ಸ್ಟ್ಯಾಂಡಿನಲ್ಲಿ ಹರಿಬಾ ಸಿಕ್ಕ. ಇನ್ನು ತಡೆಯಲು ನನ್ನಿಂದ ಆಗಲಿಲ್ಲ. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ, ಫೋಟೋದ ಮಾತನ್ನೂ ಹೇಳಿದೆ.

“ನನಗ ಅವತ್ತ ಗೊತ್ತಾತರಿ ವೈನಿ,” ಎಂದ. “ನಮ್ಮ ಮನ್ಯಾಗ ಅಜ್ಜನ ಫೋಟೋ ಐತಿ. ಅದ ಜತ್ತಿನ ಸ್ಟುಡಿಯೋದ್ದು. ಅದ ಟೋಪಿ, ಅದ ಬಿಲ್ಲಿ, ಅಂಗಿಯ ಎರಡನೇ ಗುಂಡಿ ಹರದದ್ದೂ ಹಂಗ ಐತಿ. ಮಾರಿ ಅಷ್ಟ ಬ್ಯಾರೆ.”

“ಮತ್ತ ಅವತ್ತ ಯಾಕ ಸುಮ್ನ ಹೋದ್ರಿ?”

ಸನಮಡಿಯ ಬಸ್ಸು ಬಂದಿತ್ತು. ಅವನು ಚೀಲ ಹೆಗಲಿಗೇರಿಸಿದ.

“ಸತ್ತಾವನ ಮೈಮ್ಯಾಲಿನ ಅಂಗಿ ಬಿಚ್ಚಬೇಕಾಗತಿತ್ತರಿ,” ಎಂದ. “ಮತ್ತ ಅದ ಅಂಗ್ಯಾಗ ನಮ್ಮಜ್ಜನೂ ಅದಾನ ಅಂದಿದ್ರ, ನಿಮ್ಮ ಮನಿಯವರು ಆ ಫೋಟೋನ ಗ್ವಾಡಿ ಮ್ಯಾಲಿಂದ ಇಳಸತಿದ್ರು.”