ಫೈಲಕ್ಕನ ಮೂಟೆಯಲ್ಲಿ ಹೆಚ್ಚಿಗೆ ಬಂದ ಮೇಲ್‌ಗಳು

ಲೆಕ್ಕ ತಪ್ಪಿದ್ದು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಹಳೆಯ ಕಂಪ್ಯೂಟರು ಇನ್‌ಬಾಕ್ಸಿನಲ್ಲಿ ಮೂರು ಸಾವಿರದ ನೂರಾ ಎಂಟು ಮೇಲ್ ಇವೆ ಎನ್ನುತ್ತಿತ್ತು. ಪರಿವರ್ತನೆ ಮುಗಿದಾಗ ಹೊಸ ಫೋಲ್ಡರಿನಲ್ಲಿ ಮೂರು ಸಾವಿರದ ನಾನೂರಾ ಹನ್ನೊಂದು ಕೂತಿದ್ದವು.

"ಇದೇನಣ್ಣ, ಮರಿ ಹಾಕಿವೆಯಾ?" ಎಂದಳು ಫೈಲಕ್ಕ. ಹೇಳಿದಳೇ ಹೊರತು ನಗಲಿಲ್ಲ. ಎದ್ದು ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು. ಆಗಲೇ ಹನ್ನೊಂದೂವರೆ. ಮೂರಕ್ಕೆ ಕಾರ್ಮಿಕ ನ್ಯಾಯಾಲಯದಲ್ಲಿ ವಿಚಾರಣೆ.

ಫೈಲಕ್ಕ ಹುಟ್ಟಾ ಗುಮಾಸ್ತೆಯಲ್ಲ. ಕಲ್ಲುಪುಡಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೂಟೆ ಹೊಲಿದವಳು. ಮುಷ್ಕರದ ವರ್ಷ ಗೇಟಿನಾಚೆ ಬಿದ್ದ ಮೊದಲ ಹನ್ನೆರಡು ಜನರಲ್ಲಿ ಒಬ್ಬಳು. ಓದಿದ್ದು ಎಂಟನೇ ಕ್ಲಾಸು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ನಮ್ಮ ಸಂಘದ ಕೋಣೆಗೆ ಯಾರೋ ದಾನ ಕೊಟ್ಟ ಕಂಪ್ಯೂಟರು ಬಂದಾಗ, ಅದರ ಮುಂದೆ ಕೂತು ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಲಿತಳು. ಭಾಷಣ ಬಿಗಿಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೆವು. ಯಾವ ಭಾಷಣ ಯಾವ ತಾರೀಖಿಗೆ ಅಂತ ಗೊತ್ತಿದ್ದವಳು ಇವಳೊಬ್ಬಳೇ.

ಸಂಘದಲ್ಲಿ ಒಂದು ಕಟ್ಟಳೆಯಿತ್ತು: ಕಾಗದ ಎಸೆಯಬಾರದು. ಒಮ್ಮೆ ಮೆರವಣಿಗೆಗೆ ಅನುಮತಿ ಪಡೆದ ರಶೀದಿಯನ್ನು ಯಾರೋ ಪುಣ್ಯಾತ್ಮ ಗುಡಿಸಿ ಹಾಕಿದ್ದಕ್ಕೆ ಇಪ್ಪತ್ತು ದಿನ ಜೈಲಿನಲ್ಲಿ ಕೊಳೆತಿದ್ದೆವು. ಆಮೇಲಿಂದ ಫೈಲಕ್ಕ ಹರಿದ ಲಕೋಟೆಯನ್ನೂ ಬಿಡುತ್ತಿರಲಿಲ್ಲ. ಕಂಪ್ಯೂಟರು ಆಗಾಗ "ಫೋಲ್ಡರ್ ಕುಗ್ಗಿಸಿ ಜಾಗ ಉಳಿಸಲೇ?" ಎಂದು ಕೇಳುತ್ತಿತ್ತು. ಅವಳು ಪ್ರತಿ ಸಲವೂ "ಬೇಡ" ಒತ್ತುತ್ತಿದ್ದಳು. "ಜಾಗ ಉಳಿಸಿ ಇವನಪ್ಪನಿಗೆ ಮನೆ ಕಟ್ಟಿಸಬೇಕಾ?" ಎಂದು ಅದನ್ನೇ ಬೈಯುತ್ತಿದ್ದಳು.

ಈಗ ಆ ಯಂತ್ರ ಸಾಯಲು ಬಿದ್ದಿತ್ತು. ಅತ್ತ ಕಾರ್ಖಾನೆಯ ಇಪ್ಪತ್ತಮೂರು ಜನ ಎದೆಯಲ್ಲಿ ಧೂಳು ತುಂಬಿಕೊಂಡು ಪರಿಹಾರಕ್ಕೆ ದಾವೆ ಹೂಡಿದ್ದರು. "ಧೂಳಿನಿಂದ ಕಾಯಿಲೆ ಬರುತ್ತಿದೆ ಎಂದು ನಮಗೆ ಆಗ ಗೊತ್ತೇ ಇರಲಿಲ್ಲ" ಎಂದು ಮಾಲೀಕರು ಕೈ ತೊಳೆದುಕೊಂಡಿದ್ದರು. ಸಂಘದ ಹಳೆಯ ಪತ್ರವ್ಯವಹಾರವೆಲ್ಲ ಬೇಕೆಂದು ವಕೀಲರು ಕೇಳಿದ್ದರು. "ಆದ್ರೆ ನಿಮ್ಮ ಮೂಟೆ ನನ್ನ ಕಂಪ್ಯೂಟರಲ್ಲಿ ಬಿಚ್ಚಲ್ಲಮ್ಮ. ಒಂದೊಂದು ಮೇಲೂ ಬೇರೆ ಬೇರೆ ಫೈಲಾಗಿ ಬೇಕು."

ಮೂಟೆ ಎಂದದ್ದು ಸರಿಯಾಗಿಯೇ ಇತ್ತು. ಹಳೆಯ ಮೇಲ್ ತಂತ್ರಾಂಶ ಒಂದು ಫೋಲ್ಡರಿನ ಮೇಲ್‌ಗಳನ್ನೆಲ್ಲ ಒಂದೇ ಉದ್ದನೆ ಫೈಲಿನಲ್ಲಿ ಸಾಲಾಗಿ ತುರುಕಿ ಇಡುತ್ತಿತ್ತು. ಆ ಹೊಲಿಗೆ ಬಿಚ್ಚಿ ಒಂದೊಂದನ್ನೇ ಹೊರಗಿಡಬೇಕು. ಅದಕ್ಕೊಂದು ತಂತ್ರಾಂಶ ಹುಡುಕಿ, ಮೂರು ದಿನ ಅದರ ಜೊತೆ ಜಗಳವಾಡಿ, ಫೈಲಕ್ಕ ಅಂತೂ ಬಿಚ್ಚಿದ್ದಳು. ಬಿಚ್ಚಿದರೆ ಮುನ್ನೂರಾ ಮೂರು ಹೆಚ್ಚು!

ಹೆಚ್ಚಿನವು ಯಾವುವೆಂದು ನೋಡುತ್ತ ಹೋದೆವು. ರಿಯಾಯಿತಿ ಜಾಹೀರಾತು. ಎರಡೆರಡು ಸಲ ಬಂದ ಸಭೆಯ ನೋಟೀಸು. ಅಷ್ಟರಲ್ಲಿ ನನ್ನದೇ ಒಂದು ರಾಜೀನಾಮೆ ಪತ್ರ ಎದುರಾಯಿತು. ಸಿಟ್ಟಿನಲ್ಲಿ ಬರೆದು, ಮರುದಿನ ಇವಳ ಕಾಲು ಹಿಡಿದು ಅಳಿಸಿಸಿದ್ದೆ.

"ಅಣ್ಣ, ಇವೆಲ್ಲ ಅಳಿಸಿದವು," ಎಂದಳು ಫೈಲಕ್ಕ. "ಅಳಿಸಿದ್ರೆ ಅದು ಬರೀ ಗುರುತು ಹಾಕಿ ಬಚ್ಚಿಟ್ಟಿದೆ. ಕುಗ್ಗಿಸು ಅಂದಿದ್ರೆ ನಿಜವಾಗಿ ಹೋಗಿರೋವು. ನಾನು ಯಾವತ್ತೂ ಅಂದಿಲ್ಲ."

ಹಾಗೆಂದವಳ ಮುಖ ಸುಣ್ಣದ ಹಾಗಾಯಿತು. ಹನ್ನೊಂದು ವರ್ಷದ ಹಿಂದಿನ ತಿಂಗಳೊಂದಕ್ಕೆ ಹೋಗಿ ಒಂದು ಮೇಲ್ ತೆರೆದಳು. ಕಾರ್ಖಾನೆಯ ನರ್ಸ್ ಕಳಿಸಿದ್ದು. ಎದೆಯ ಎಕ್ಸ್‌ರೇಯಲ್ಲಿ ದೋಷ ಕಂಡವರ ಪಟ್ಟಿ, ಪಟ್ಟಿಯನ್ನು ಮ್ಯಾನೇಜರಿಗೆ ಕೊಟ್ಟ ತಾರೀಖು. ಕೊನೆಯ ಸಾಲು: ಓದಿ ಅಳಿಸಿಬಿಡು, ನನ್ನ ಕೆಲಸ ಹೋಗುತ್ತೆ.

"ಓದಿದೆ, ಅಳಿಸಿದೆ," ಎಂದಳು. "ಯಾರಿಗೂ ಹೇಳಲಿಲ್ಲ. ನಿಮಗೂ." ಪಟ್ಟಿಯ ಒಂಬತ್ತನೇ ಹೆಸರು ಅವಳ ತಮ್ಮನದು.

"ಇನ್ನೇನು ನೋಡ್ತಿದ್ದೀಯೆ? ಪೆನ್‌ಡ್ರೈವಿಗೆ ಹಾಕು, ನಡಿ," ಎಂದೆ.

"ಮಾತು ಕೊಟ್ಟಿದ್ದೀನಿ."

"ನಿನ್ನ ಮಾತಿಗೆ ಬೆಂಕಿ ಬೀಳ! ನಿನ್ನ ತಮ್ಮ ಉಸಿರಾಡೋದು ಮಾತಿನಿಂದಲ್ಲ."

ಅವಳು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಮಾತಾಡಿದಳು.

"ಸಿಸ್ಟರ್, ನಾನು ಸಂಘದವಳು. ನೀವು ಕಳಿಸಿದ್ದ ಪಟ್ಟಿ ಸಿಕ್ಕಿದೆ."

"ಅಳಿಸಿದೆ ಅಂದಿದ್ದೆಯಲ್ಲ!"

"ಅಳಿಸಿದ್ದೆ. ಒಳಗೇ ಕೂತಿತ್ತು."

"ಥೂ ನಿನ್ನ! ಒಂದು ಮೇಲ್ ಸಾಯಿಸೋಕೂ ಬರಲ್ಲ ನಿನಗೆ. ನಿನ್ನನ್ನ ನಂಬಿದ್ನಲ್ಲ." ಅತ್ತ ಕುರ್ಚಿ ಎಳೆದುಕೊಂಡ ಸದ್ದಾಯಿತು. "ನಾನೇನೋ ರಿಟೈರಾದೆ. ನನ್ನ ಮಗ ಈಗ ಅಲ್ಲೇ ಸೂಪರ್‌ವೈಸರು. ಗೊತ್ತಲ್ಲ?"

"ಗೊತ್ತು."

"ಕೊಡಬೇಡ ಅಂದ್ರೆ?"

"ಕೊಡಲ್ಲ. ಆದ್ರೆ ನೀವೇ ಬಂದು ಅಳಿಸಿ ಹೋಗಿ. ಎರಡನೇ ಸಲ ನನ್ನ ಕೈಲಾಗಲ್ಲ."

ಫೋನ್ ಕಟ್ಟಾಯಿತು. ನಾನು ಬಾಯಿಗೆ ಬಂದಂತೆ ಬೈದೆ. ಫೈಲಕ್ಕ ಆ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿದಳು. ಮೇಜು ಒರೆಸಿದಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಬೀದಿಯಲ್ಲಿ ಆಟೋ ಸದ್ದಾದಾಗಲೆಲ್ಲ ಕಿಟಕಿಗೆ ಓಡಿದಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ನರ್ಸ್ ಬಂದರು. ನಮ್ಮ ಮೆಟ್ಟಿಲು ಹದಿನಾರು. ಕೋರ್ಟಿಗೆಂದು ಹೊರಟುಬಂದಿದ್ದ ಫೈಲಕ್ಕನ ತಮ್ಮ ಹತ್ತನೆಯದರಲ್ಲಿ ಕೂತು ಏದುಸಿರು ಬಿಡುತ್ತಿದ್ದ. ನರ್ಸ್ ಅವನ ಹಿಂದೆ ನಿಂತರು.

"ಮುಂದೆ ಹೋಗಿ ಸಿಸ್ಟರ್," ಎಂದ. "ನನ್ನದು ಪ್ಯಾಸೆಂಜರ್ ರೈಲು. ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುತ್ತೆ."

ಅವರು ಮೇಲೆ ಬಂದು ನೇರ ಕಂಪ್ಯೂಟರಿನ ಮುಂದೆ ಕೂತರು. ಫೈಲಕ್ಕ ಮೌಸನ್ನು ಅವರ ಕೈಗೆ ಸರಿಸಿ, ಬೆನ್ನು ತಿರುಗಿಸಿ ನಿಂತಳು. ನರ್ಸ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು.

"ಇದರಲ್ಲಿ ನಾಲ್ಕು ಜನ ಹೋದರು, ಅಲ್ವಾ?"

"ಐದು. ಹೋದ ತಿಂಗಳು ಬಾಯ್ಲರ್ ಕೆಲಸದವರೂ ಹೋದರು," ಎಂದಳು ಫೈಲಕ್ಕ.

ಮೆಟ್ಟಿಲಿನಿಂದ ಕೆಮ್ಮು ಕೇಳುತ್ತಲೇ ಇತ್ತು. ನರ್ಸ್ ಮೌಸನ್ನು ಹಾವು ಮುಟ್ಟಿದವರಂತೆ ಆಚೆ ತಳ್ಳಿದರು.

"ಹಾಕು ನಿನ್ನ ಡಬ್ಬಿಗೆ," ಎಂದು ಪೆನ್‌ಡ್ರೈವ್ ತೋರಿಸಿದರು. "ಮಗನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕಬೇಡ. ಇಲ್ಲಿ ಆಟೋ ಬೇಗ ಸಿಗುತ್ತಾ? ನಿನ್ನ ತಮ್ಮನನ್ನ ಮೇಲೆ ಹತ್ತಿಸಬೇಡಿ, ಅಲ್ಲೇ ಇರಲಿ. ನಾವೇ ಇಳಿಯೋಣ."